ಯೂಟ್ಯೂಬ್ ನೋಡಿ ಮನೆ ರಿಪೇರಿ: ಯಾವ ಕೆಲಸ ನಮ್ಮ ಕೈಗೆ, ಯಾವುದು ಮೇಸ್ತ್ರಿ ಕೈಗೆ?

ಸುಗ್ಗಿ ಮುಗಿದು ಮುಂಗಾರು ಹಿಡಿಯುವ ಮೊದಲಿನ ಎರಡು ಮೂರು ತಿಂಗಳು ನಮ್ಮ ಹಳ್ಳಿಗಳಲ್ಲಿ ಮನೆ ಕೆಲಸದ ಕಾಲ. ಹೊಲದಲ್ಲಿ ಕೆಲಸ ಕಮ್ಮಿ, ಮಕ್ಕಳಿಗೆ ರಜೆ, ಜಾತ್ರೆ ಮದುವೆ ಅಂತ ನೆಂಟರು ಬರುವ ಹೊತ್ತು. ಹೋದ ಮಳೆಗಾಲದಲ್ಲಿ ಸೋರಿದ ಮೂಲೆ, ಉದುರುತ್ತಿರುವ ಗಾರೆ, ಕೈ ತಾಗಿಸಿದರೆ ಚುರ್ ಎನ್ನುವ ಸ್ವಿಚ್ ಬೋರ್ಡು ಎಲ್ಲವೂ ನೆನಪಾಗುವುದು ಆಗಲೇ. ಮೇಸ್ತ್ರಿಗೆ ಫೋನ್ ಮಾಡಿದರೆ ‘ಮುಂದಿನ ವಾರ ಬರ್ತೀನಣ್ಣ’ ಅನ್ನುತ್ತಾನೆ. ಆ ಮುಂದಿನ ವಾರ ಬರುವುದೇ ಇಲ್ಲ. ಆಗ ಕೈಗೆ ಬರುವುದು ಮೊಬೈಲು. ಹತ್ತು ನಿಮಿಷದ ವಿಡಿಯೊದಲ್ಲಿ ಯಾರೋ ಒಬ್ಬರು ತಾರಸಿಗೆ ಬಿಳಿ ಬಣ್ಣ ಬಳಿದು, ಮೇಲೆ ನೀರು ಸುರಿದು, ‘ನೋಡಿ, ಒಂದು ಹನಿಯೂ ಇಳಿಯಲ್ಲ’ ಅನ್ನುತ್ತಾರೆ. ಇಷ್ಟೇ ತಾನೆ, ನಾವೇ ಮಾಡಿಬಿಡೋಣ ಎಂದು ಹಾರ್ಡ್‌ವೇರ್ ಅಂಗಡಿಗೆ ಹೊರಡುತ್ತೇವೆ.

ನಾವೇ ಮಾಡಿಕೊಳ್ಳುವುದು ಒಳ್ಳೆಯದೇ. ಅದನ್ನು ಬೇಡ ಎನ್ನಲು ಈ ಬರಹ ಬರೆಯುತ್ತಿಲ್ಲ. ಆದರೆ ಯಾವ ಕೆಲಸವನ್ನು ಕೈಯಾರೆ ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂಬ ಗೆರೆ ಹಳ್ಳಿಗಳಲ್ಲಿ ಅಳಿಸಿಹೋಗಿದೆ ಎನ್ನುವುದು ನಮ್ಮ ಆತಂಕ. ಆ ಗೆರೆ ತಪ್ಪಿದಾಗ ಕೆಲವು ಸಲ ದುಡ್ಡು ಹೋಗುತ್ತದೆ, ಕೆಲವು ಸಲ ಜೀವ ಹೋಗುತ್ತದೆ.

ಮೊದಲೂ ನಾವೇ ಮಾಡುತ್ತಿದ್ದೆವು

ಪೇಟೆಯವರಿಗೆ ‘ನೀವೇ ಮಾಡಿ ನೋಡಿ’ ಎನ್ನುವುದು ಹೊಸ ಹವ್ಯಾಸ ಇರಬಹುದು. ಹಳ್ಳಿಯಲ್ಲಿ ಅದು ಹುಟ್ಟಿದಾಗಿನಿಂದ ಇದೆ. ಹಬ್ಬಕ್ಕೆ ಮುಂಚೆ ಸುಣ್ಣ ಕಲಸಿ ಅದಕ್ಕೆ ಒಂಚೂರು ನೀಲಿ ಹಾಕಿ ಗೋಡೆಗೆ ಬಳಿಯುತ್ತಿದ್ದವರು ಮನೆಯವರೇ. ನೆಲ ಸಾರಿಸುವುದು, ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುವುದು, ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ಬಡಿಯುವುದು ಯಾವುದಕ್ಕೂ ಹೊರಗಿನಿಂದ ಆಳು ಬರುತ್ತಿರಲಿಲ್ಲ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಕರಾವಳಿ, ಮಲೆನಾಡು ದಾಟಿ ಬಯಲಿನವರೆಗೂ ಬಂತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಒಡೆದ ಹೆಂಚು ತೆಗೆದು ಬೇರೆ ಸೇರಿಸುವುದು ಮನೆಯ ಗಂಡಾಳುಗಳಿಗೆ ಬರಲೇಬೇಕಾದ ಕೆಲಸವಾಗಿತ್ತು.

ಆ ಮನೆಗಳಲ್ಲಿ ಒಂದು ಅನುಕೂಲ ಇತ್ತು. ಏನು ಕೆಟ್ಟಿದೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಹೆಂಚು ಒಡೆದರೆ ಅಲ್ಲಿಂದಲೇ ಬೆಳಕು ಬರುತ್ತದೆ, ಅಲ್ಲಿಂದಲೇ ನೀರು ಬೀಳುತ್ತದೆ. ಗೋಡೆಯ ಮಣ್ಣು ಉದುರಿದರೆ ಅದೇ ಮಣ್ಣು ಕಲಸಿ ಮೆತ್ತಬಹುದು. ತಪ್ಪು ಮಾಡಿದರೆ ಮುಂದಿನ ವರ್ಷ ಸರಿ ಮಾಡಿಕೊಳ್ಳಬಹುದು, ಖರ್ಚೂ ಇಲ್ಲ.

ಈಗಿನ ಮನೆ ಹಾಗಿಲ್ಲ. ಸ್ಲ್ಯಾಬಿನ ಒಳಗೆ ಕಬ್ಬಿಣ, ಗೋಡೆಯ ಒಳಗೆ ವೈರು, ನೆಲದ ಕೆಳಗೆ ಪೈಪು. ಎಲ್ಲ ಕಾಯಿಲೆಯೂ ಒಳಗೇ ಇದ್ದು, ಹೊರಗೆ ಕಾಣುವುದು ಒಂದು ಕಲೆ ಅಥವಾ ಒಂದು ಗೆರೆ ಮಾತ್ರ. ಹಳೆಯ ಮನೆ ನೋಡಿಕೊಳ್ಳುವ ವಿದ್ಯೆಯನ್ನು ಅಪ್ಪ ಅಮ್ಮ ಕಲಿಸಿದ್ದರು. ಹೊಸ ಮನೆಯ ವಿದ್ಯೆಯನ್ನು ನಮಗೆ ಯಾರೂ ಕಲಿಸಿಲ್ಲ. ಎಡವಟ್ಟು ಶುರುವಾಗುವುದು ಇಲ್ಲಿಂದಲೇ.

ಉಳಿತಾಯದ ಲೆಕ್ಕ ಒಮ್ಮೆ ಹಾಕಿ ನೋಡೋಣ

ಮೇಸ್ತ್ರಿ ಮತ್ತು ಅವರ ಜೊತೆಯ ಆಳು ಸೇರಿ ದಿನಕ್ಕೆ 1,500 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮೂರಲ್ಲಿ ಇದು ಹೆಚ್ಚು ಕಡಿಮೆ ಇರಬಹುದು. ಬಚ್ಚಲಿನ ನೆಲ ಕಿತ್ತು ಮತ್ತೆ ಹಾಕುವ ಕೆಲಸ ಅವರಿಗೆ ಎರಡು ದಿನದ್ದು ಅಂದರೆ ಕೂಲಿ 3,000. ಇದನ್ನು ಉಳಿಸಲು ನಾವೇ ಇಳಿಯುತ್ತೇವೆ. ನಮಗೆ ಅದು ನಾಲ್ಕು ದಿನ ಹಿಡಿಯುತ್ತದೆ. ಆ ನಾಲ್ಕು ದಿನ ಬೇರೆ ಕಡೆ ಕೂಲಿಗೆ ಹೋಗಿದ್ದರೆ ದಿನಕ್ಕೆ 450ರಂತೆ 1,800 ಬರುತ್ತಿತ್ತು. ಎರಡು ದಿನ ತಮ್ಮನನ್ನೋ ಬಾಮೈದನನ್ನೋ ಜೊತೆಗೆ ಕರೆದುಕೊಂಡಿದ್ದೇವೆ, ಅವರ ಕೂಲಿ 900. ಕರಣೆ, ಉಳಿ, ರಸಮಟ್ಟ, ಬಾಂಡ್ಲಿ ಅಂತ 600. ಮರೆತುಹೋದ ಎಲ್ಬೋ, ಅಳತೆ ತಪ್ಪಿದ ಪೈಪು ಅಂತ ಪೇಟೆಗೆ ಮೂರು ಸಲ ಓಡಾಟ, ಪೆಟ್ರೋಲಿಗೆ 450. ಒಟ್ಟು 3,750 ಆಯಿತು. ಸಿಮೆಂಟು, ಮರಳು, ಟೈಲ್ಸಿನ ಖರ್ಚು ಎರಡು ಕಡೆಯೂ ಒಂದೇ.

ನಮ್ಮ ದುಡಿಮೆಗೆ ನಾವೇ ಬೆಲೆ ಕಟ್ಟದಿರುವುದರಿಂದ ಇದು ಉಳಿತಾಯದ ಹಾಗೆ ಕಾಣುತ್ತದೆ. ಕೆಲಸವಿಲ್ಲದೆ ಮನೆಯಲ್ಲಿ ಕೂತಿರುವ ದಿನಗಳಲ್ಲಿ, ಸಲಕರಣೆ ಮೊದಲೇ ಇದ್ದರೆ, ನಿಜಕ್ಕೂ ಉಳಿಯುತ್ತದೆ. ಕೂಲಿ ಬಿಟ್ಟು ಮಾಡಿದರೆ ಉಳಿಯುವುದಿಲ್ಲ. ಅದೂ ಕೆಲಸ ಒಂದೇ ಸಲಕ್ಕೆ ಸರಿಯಾದರೆ ಮಾತ್ರ ಈ ಲೆಕ್ಕ.

ಇನ್ನೊಂದು ಕಾಣದ ಖರ್ಚು ಉಳಿದ ಸಾಮಾನು. ಸಿಮೆಂಟ್ ಚೀಲ 50 ಕೆ.ಜಿ. ನಮಗೆ ಬೇಕಾದದ್ದು ಹತ್ತು ಕೆ.ಜಿ. ಇರಬಹುದು. ಮಿಕ್ಕಿದ್ದನ್ನು ಮುಂದಕ್ಕೆ ಆಗುತ್ತದೆ ಎಂದು ಕೊಟ್ಟಿಗೆಯ ಮೂಲೆಗೆ ನಿಲ್ಲಿಸುತ್ತೇವೆ. ತೇವ ಕುಡಿದ ಸಿಮೆಂಟು ಗಟ್ಟಿ ಉಂಡೆಯಾಗುತ್ತದೆ. ಉಂಡೆಯಾಗದಿದ್ದರೂ ಮೂರು ತಿಂಗಳು ದಾಟಿದರೆ ಅದರ ಶಕ್ತಿ ಇಳಿದಿರುತ್ತದೆ. ಆ ಉಂಡೆಯನ್ನೇ ಪುಡಿ ಮಾಡಿ ಮುಂದಿನ ವರ್ಷ ಬಳಸುವವರೂ ಇದ್ದಾರೆ. ಅದು ಬೂದಿ ಬಳಸಿದ ಹಾಗೆ. ಅಕ್ಕಪಕ್ಕದ ಎರಡು ಮೂರು ಮನೆಯವರು ಸಣ್ಣ ಕೆಲಸಗಳನ್ನು ಒಂದೇ ವಾರದಲ್ಲಿ ಇಟ್ಟುಕೊಂಡರೆ ಚೀಲವೂ ಹಾಳಾಗುವುದಿಲ್ಲ. ಮೇಸ್ತ್ರಿಗೂ ಎರಡು ದಿನದ ಕೆಲಸ ಒಟ್ಟಿಗೆ ಸಿಗುವುದರಿಂದ ‘ಮುಂದಿನ ವಾರ’ ಅನ್ನದೆ ಬರುತ್ತಾನೆ.

ಸೋರುವ ತಾರಸಿಯ ಕಥೆ

ಹಳ್ಳಿಗಳಲ್ಲಿ ಕೈಯಾರೆ ಮಾಡುವ ರಿಪೇರಿಗಳಲ್ಲಿ ತಾರಸಿ ಸೋರುವುದಕ್ಕೆ ಮಾಡುವ ಮದ್ದೇ ಮುಖ್ಯವಾದದ್ದು. ಹೆಚ್ಚು ದುಡ್ಡು ಪೋಲಾಗುವುದೂ ಅದರಲ್ಲೇ. ಸೂರಿನಲ್ಲಿ ಒಂದು ಕಡೆ ಒದ್ದೆ ಕಲೆ ಕಾಣುತ್ತದೆ. ಮೇಲೆ ಹತ್ತಿ ಸರಿಯಾಗಿ ಅದರ ಮೇಲ್ಭಾಗಕ್ಕೆ ಸಿಮೆಂಟ್ ನೀರು ಸುರಿಯುತ್ತೇವೆ ಅಥವಾ ಡಬ್ಬಿಯ ಬಣ್ಣ ಬಳಿಯುತ್ತೇವೆ. ಮಳೆ ಬಂದಾಗ ಮತ್ತೆ ಅಲ್ಲೇ ಸೋರುತ್ತದೆ.

ಕಾರಣ ಇಷ್ಟು. ಆರ್‌ಸಿಸಿಯಲ್ಲಿ ನೀರು ಇಳಿಯುವ ಜಾಗ ಒಂದು, ಹೊರಬರುವ ಜಾಗ ಇನ್ನೊಂದು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಸಂದಿನಲ್ಲಿ ಇಳಿದ ನೀರು ಸ್ಲ್ಯಾಬಿನೊಳಗೆ ಹರಿದು ನಾಲ್ಕು ಅಡಿ ಆಚೆ ತೊಟ್ಟಿಕ್ಕಬಹುದು. ನೀರಿನ ಟ್ಯಾಂಕಿನ ಬುಡ, ಪೈಪು ತೂರಿಸಿದ ತೂತು, ನೀರು ಹೋಗುವ ದೋಣಿಯ ಬಾಯಿ ಇವನ್ನು ಮೊದಲು ನೋಡಬೇಕು. ಎಷ್ಟೋ ಸಲ ತಾರಸಿಯಲ್ಲಿ ಬಿರುಕೇ ಇರುವುದಿಲ್ಲ, ವಾಟ ಸರಿಯಿಲ್ಲದೆ ನೀರು ನಿಂತು ನಿಂತು ಇಳಿದಿರುತ್ತದೆ. ಅದಕ್ಕೆ ಬಣ್ಣ ಬಳಿದರೆ ಉಪಯೋಗವಿಲ್ಲ, ವಾಟ ಸರಿಮಾಡಬೇಕು.

ಪರೀಕ್ಷೆ ಮಾಡುವ ವಿಧಾನ ಸುಲಭ. ತಾರಸಿ ಪೂರ್ತಿ ಗುಡಿಸಿ, ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಡಿ. ಎಲ್ಲಿ ಒದ್ದೆಯಾಗುತ್ತದೆ ನೋಡಿ. ಸ್ಲ್ಯಾಬು ಹಳೆಯದಾಗಿ ಗಾರೆ ಉದುರುತ್ತಿದ್ದರೆ ಮಾತ್ರ ಈ ಪರೀಕ್ಷೆ ಬೇಡ, ಭಾರ ತಡೆಯದೆ ಅನಾಹುತ ಆದೀತು.

ಡಬ್ಬಿಯ ಬಣ್ಣ ಯಾಕೆ ಒಂದೇ ವರ್ಷಕ್ಕೆ ಸಿಪ್ಪೆ ಏಳುತ್ತದೆ? ಪಾಚಿ ಉಜ್ಜದೆ, ಧೂಳು ತೆಗೆಯದೆ, ಒಳಗೆ ತೇವ ಇರುವಾಗಲೇ ಬಳಿದರೆ ಅದು ತಾರಸಿಗೆ ಅಂಟುವುದಿಲ್ಲ, ಧೂಳಿಗೆ ಅಂಟುತ್ತದೆ. ಬಿಸಿಲಿಗೆ ಒಳಗಿನ ತೇವ ಆವಿಯಾಗಿ ಮೇಲಕ್ಕೆ ಒತ್ತಿದಾಗ ಗುಳ್ಳೆ ಏಳುತ್ತದೆ. ವಿಡಿಯೊದಲ್ಲಿ ಬಣ್ಣ ಬಳಿಯುವ ಎರಡು ನಿಮಿಷ ತೋರಿಸುತ್ತಾರೆ. ಅದಕ್ಕೆ ಮುಂಚೆ ತಂತಿ ಬ್ರಷ್ ಹಿಡಿದು ದಿನವಿಡೀ ಉಜ್ಜಿದ್ದನ್ನು ತೋರಿಸುವುದಿಲ್ಲ. ಕೂದಲೆಳೆ ಬಿರುಕಿದ್ದರೆ ಅದನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಸರಿಯಾದ ಮಸಾಲೆ ತುಂಬಿ, ಒಣಗಿದ ಮೇಲೆ ಎರಡು ಸಲ ಬಳಿಯುವುದು ಮನೆಯವರೇ ಮಾಡಬಹುದಾದ ಕೆಲಸ. ಬೇಸಿಗೆಯ ಮುಂಜಾನೆ ಅದಕ್ಕೆ ಒಳ್ಳೆಯ ಹೊತ್ತು.

ಆದರೆ ಸೂರಿನ ಗಾರೆ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಕೈ ಹಾಕಬೇಡಿ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಅದರ ಮೇಲೆ ಗಾರೆ ಮೆತ್ತಿ ಸುಣ್ಣ ಬಳಿದರೆ ಎರಡು ವರ್ಷ ಕಣ್ಣಿಗೆ ಕಾಣುವುದಿಲ್ಲ, ಒಳಗೆ ತುಕ್ಕು ಮುಂದುವರಿಯುತ್ತದೆ. ಆ ಸೂರಿನ ಕೆಳಗೆ ಮಲಗುವವರು ನಮ್ಮ ಮಕ್ಕಳು. ಇದಕ್ಕೆ ಇಂಜಿನಿಯರಿಗೇ ತೋರಿಸಬೇಕು.

ಮಣ್ಣಿನ ಗೋಡೆಗೆ ಸಿಮೆಂಟು, ಸುಣ್ಣದ ಮೇಲೆ ಪೇಂಟು

ಹಳೆಯ ಮಣ್ಣಿನ ಗೋಡೆ ಚೆನ್ನಾಗಿ ಕಾಣಲಿ ಎಂದು ಅದಕ್ಕೆ ಸಿಮೆಂಟ್ ಗಾರೆ ಮಾಡುವುದು ಈಗ ಎಲ್ಲ ಕಡೆ ನಡೆದಿದೆ. ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ. ಸ್ವಲ್ಪ ವರ್ಷಕ್ಕೆ ಸಿಮೆಂಟಿನ ಪದರ ಹಪ್ಪಳದಂತೆ ಬಿಟ್ಟುಕೊಳ್ಳುತ್ತದೆ, ಜೊತೆಗೆ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣು ಅಥವಾ ಸುಣ್ಣದ ಗಾರೆಯೇ ಸರಿ. ಅದು ಮನೆಯವರಿಗೆ ಬರುವ ಕೆಲಸ, ಸೋವಿಯೂ ಹೌದು.

ಬಣ್ಣದ ಕಥೆಯೂ ಹೀಗೇ. ವರ್ಷಗಟ್ಟಲೆ ಸುಣ್ಣ ಬಳಿದ ಗೋಡೆಯ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಸುಣ್ಣದ ಪದರದ ಸಮೇತ ಸಿಪ್ಪೆ ಏಳುತ್ತದೆ. ಹಳೆಯ ಸುಣ್ಣ ಕೆರೆದು ತೆಗೆಯಲೇಬೇಕು. ಕೆರೆಯಲು ಹೋದರೆ ಗಾರೆ ಉದುರುತ್ತದೆ, ಗಾರೆಗೆ ಪುಟ್ಟಿ ಬೇಕಾಗುತ್ತದೆ, ಪುಟ್ಟಿಗೆ ಪ್ರೈಮರ್ ಬೇಕಾಗುತ್ತದೆ. ಒಂದು ಕೋಣೆಗೆ ಬಣ್ಣ ಬಳಿಯುವ ಎರಡು ದಿನದ ಕೆಲಸ ಹದಿನೈದು ದಿನಕ್ಕೆ ಹೋಗುವುದು ಹೀಗೆ. ಮತ್ತೆ ಸುಣ್ಣವನ್ನೇ ಬಳಿದರೆ ಏನೂ ತಪ್ಪಿಲ್ಲ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕುದಿಯುತ್ತದೆ, ಸಿಡಿದರೆ ಕಣ್ಣಿಗೆ ಅಪಾಯ. ಮಕ್ಕಳನ್ನು ದೂರ ಇಡಿ, ಕನ್ನಡಕ ಹಾಕಿಕೊಳ್ಳಿ.

ಕರೆಂಟಿನ ವಿಷಯದಲ್ಲಿ ಧೈರ್ಯ ಬೇಡ

ಗೋಡೆ ಕೆಟ್ಟರೆ ಮತ್ತೆ ಕಟ್ಟಬಹುದು. 230 ವೋಲ್ಟಿನ ಕರೆಂಟು ಎರಡನೇ ಅವಕಾಶ ಕೊಡುವುದಿಲ್ಲ. ಆದರೂ ನಮ್ಮೂರುಗಳಲ್ಲಿ ಟೆಸ್ಟರ್ ಮತ್ತು ಕಟಿಂಗ್ ಪ್ಲೇಯರ್ ಇದ್ದವರೆಲ್ಲ ಅರ್ಧ ಎಲೆಕ್ಟ್ರಿಷಿಯನ್ನೇ. ನಾವು ಮನೆ ಮನೆಯಲ್ಲಿ ಕಾಣುವ ಕೆಲವು ಸಂಗತಿಗಳು ಇವು.

ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಾಮ್ರದ ತಂತಿ ಸುತ್ತುವುದು. ಫ್ಯೂಸ್ ಇರುವುದೇ ಸುಟ್ಟುಹೋಗಲಿಕ್ಕೆ. ಅದು ಸುಡದಿದ್ದರೆ ಗೋಡೆಯೊಳಗಿನ ವೈರು ಸುಡುತ್ತದೆ.

ನೀರು ಕಾಯಿಸುವ ಕಾಯಿಲನ್ನು ಸಣ್ಣ ಪ್ಲಗ್ಗಿಗೆ ಸಿಕ್ಕಿಸುವುದು. 1,500 ವಾಟಿನ ಕಾಯಿಲ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಸಣ್ಣ ಸಾಕೆಟ್ ಇರುವುದು 6 ಆಂಪಿಯರಿಗೆ. ಸಾಕೆಟ್ ಕಪ್ಪಾಗಿದ್ದರೆ, ಪ್ಲಗ್ಗು ಬಿಸಿಯಾಗುತ್ತಿದ್ದರೆ ಅದೇ ಎಚ್ಚರಿಕೆ. ಸ್ನಾನದ ನೀರು ಬಿಸಿಯಾಯಿತೇ ಎಂದು ಸ್ವಿಚ್ ಆರಿಸದೆ ಬೆರಳು ಅದ್ದಿ ನೋಡುವ ಅಭ್ಯಾಸವನ್ನಂತೂ ಇವತ್ತೇ ಬಿಡಬೇಕು.

ಸ್ವಿಚ್ ಆರಿಸಿದ್ದೇನೆ, ಇನ್ನೇನು ಭಯ ಎನ್ನುವುದು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರೆ, ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಮೇನ್ ಆಫ್ ಮಾಡಿದ್ದರೂ ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಬಲ್ಬು ಬದಲಿಸುವ ಮುಂಚೆ ಇವೆರಡನ್ನೂ ಯೋಚಿಸುವವರು ಎಷ್ಟು ಜನ?

ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟುವುದು. ಇದು ನೋಡಲು ಸಣ್ಣ ಕೆಲಸ. ಆದರೆ ಒಂದು ತುದಿ ತಗಡಿನ ಶೀಟಿಗೆ, ಇನ್ನೊಂದು ತುದಿ ಕಂಬಕ್ಕೆ ಕಟ್ಟಿ, ಮೇಲೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಸವೆದು ತಾಗಿದರೆ ಒದ್ದೆ ಬಟ್ಟೆ ಹರವುವ ಹೆಂಗಸಿನ ಗತಿ ಏನು? ತಂತಿಯ ಬದಲು ನೈಲಾನ್ ಹಗ್ಗ ಕಟ್ಟಿ. ಇಡೀ ಬರಹದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಮುಖ್ಯವಾದ ರಿಪೇರಿ ಇದೇ.

ಅರ್ತಿಂಗ್ ಬಗ್ಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದೆ, ಮೇಲಿನ ದೊಡ್ಡ ತೂತಿಗೆ ಹಸಿರು ವೈರೇ ಇಲ್ಲ. ಅರ್ತಿಂಗ್ ಅಂದರೆ ಅಂಗಳದಲ್ಲಿ ಒಂದು ಮೊಳೆ ಹೊಡೆಯುವುದಲ್ಲ. ಸುಮಾರು ಎರಡೂವರೆ ಮೀಟರ್ ಪೈಪನ್ನು ಇದ್ದಿಲು, ಉಪ್ಪಿನ ಜೊತೆ ಹೂಳಿ, ಬೇಸಿಗೆಯಲ್ಲಿ ಆ ಜಾಗಕ್ಕೆ ನೀರು ಹಾಕುತ್ತಿರಬೇಕು. ಗುಂಡಿ ತೋಡುವುದು, ನೀರು ಹಾಕುವುದು ನಮ್ಮ ಕೆಲಸ. ಜೋಡಿಸಿ ಪರೀಕ್ಷೆ ಮಾಡುವುದು ಲೈಸೆನ್ಸ್ ಇರುವವರ ಕೆಲಸ. ಅವರಿಂದಲೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ಮೇನ್ ಬೋರ್ಡಿಗೆ ಹಾಕಿಸಿ. ಯಾರಿಗಾದರೂ ಷಾಕ್ ಹೊಡೆದು ಕರೆಂಟು ಮೈ ಮೂಲಕ ನೆಲಕ್ಕೆ ಹರಿಯತೊಡಗಿದರೆ ಕ್ಷಣದೊಳಗೆ ಲೈನ್ ಕಡಿಯುವುದು ಅದು. ಎಂಸಿಬಿ ಈ ಕೆಲಸ ಮಾಡುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕರೆಂಟ್ ಬಿಲ್ ಉಳಿದಿದೆ. ಆ ಉಳಿದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚು ನಮಗೆ ತೋಚುವುದಿಲ್ಲ.

ಕಂಬದಿಂದ ಮೀಟರ್‌ವರೆಗಿನ ಯಾವುದನ್ನೂ ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ ದೂರು ಕೊಡಿ. ಲೈನ್‌ಮ್ಯಾನ್ ತಡವಾಗಿ ಬಂದರೂ ಕಾಯಿರಿ.

ಶೌಚಾಲಯದ ಗುಂಡಿ, ನಲ್ಲಿಯ ಮೋಟಾರು

2014ರಿಂದ ಸ್ವಚ್ಛ ಭಾರತದ ಹೆಸರಲ್ಲಿ 12,000 ರೂಪಾಯಿ ಸಹಾಯಧನ ಪಡೆದು ಹಳ್ಳಿಗಳಲ್ಲಿ ಬಹಳಷ್ಟು ಶೌಚಾಲಯಗಳಾದವು. ಎಷ್ಟೋ ಜನ ಗುಂಡಿಯನ್ನು ತಾವೇ ತೋಡಿದರು. ಆಳ ತೋಡಿದಷ್ಟೂ ಒಳ್ಳೆಯದು, ಮೊಮ್ಮಕ್ಕಳ ಕಾಲಕ್ಕೂ ತುಂಬಲ್ಲ ಎಂದು ಹದಿನೈದು ಇಪ್ಪತ್ತು ಅಡಿ ಇಳಿದವರೂ ಇದ್ದಾರೆ. ಅಷ್ಟು ಆಳದ ಗುಂಡಿಯ ನೀರು ಅಂತರ್ಜಲಕ್ಕೆ ಸೇರಿ, ಅದೇ ಬೀದಿಯ ಬಾವಿ ಬೋರಿನಿಂದ ಮೇಲೆ ಬರಬಹುದು. ಎರಡು ಗುಂಡಿಯ ಪದ್ಧತಿಯಲ್ಲಿ ಒಂದೊಂದು ಗುಂಡಿ ಮೂರು ನಾಲ್ಕು ಅಡಿ ಆಳ ಇದ್ದರೆ ಸಾಕು. ತಳಕ್ಕೆ ಸಿಮೆಂಟ್ ಹಾಕಬಾರದು, ಗೋಡೆಯಲ್ಲಿ ಸಂದು ಬಿಡಬೇಕು, ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಒಂದು ಸಲಕ್ಕೆ ಒಂದೇ ಗುಂಡಿ ಬಳಸಬೇಕು. ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಹಾಗೇ ಬಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರಡೂ ಗುಂಡಿಗೆ ಒಟ್ಟಿಗೆ ನೀರು ಬಿಟ್ಟರೆ ಎರಡೂ ಒಟ್ಟಿಗೆ ತುಂಬುತ್ತವೆ, ಗೊಬ್ಬರವೂ ಆಗುವುದಿಲ್ಲ.

ತುಂಬಿದ ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಒಳಗಿನ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ, ಇಳಿದವರು ಕೂಗುವಷ್ಟರಲ್ಲಿ ಎಚ್ಚರ ತಪ್ಪುತ್ತಾರೆ, ಅವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ. ದುಡ್ಡು ಕೊಟ್ಟು ಬೇರೆಯವರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ನಾವು ಇಳಿಯಲು ಹೆದರುವ ಗುಂಡಿಗೆ ಕೇರಿಯ ಇನ್ನೊಬ್ಬ ಬಡವನನ್ನು ಇಳಿಸುವುದು ಕಾಯ್ದೆ ಇಲ್ಲದಿದ್ದರೂ ಅನ್ಯಾಯವೇ. ಹೀರುವ ಯಂತ್ರದ ಗಾಡಿಯನ್ನೇ ಕರೆಸಿ.

ಮನೆ ಮನೆಗೆ ನಲ್ಲಿ ಬಂದ ಮೇಲೆ ಇನ್ನೊಂದು ಕೈಕೆಲಸ ಶುರುವಾಗಿದೆ. ನೀರು ಜೋರಾಗಿ ಬರಲಿ ಎಂದು ನಲ್ಲಿಯ ಪೈಪಿಗೇ ಮೋಟಾರು ಸೇರಿಸುವುದು. ಇದರಿಂದ ತುದಿಯ ಮನೆಗಳಿಗೆ ನೀರು ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಮೋಟಾರು ಎಳೆದಾಗ ಪೈಪಿನ ಸಣ್ಣ ಬಿರುಕಿನಿಂದ ಹೊರಗಿನ ಚರಂಡಿ ನೀರೂ ಒಳಗೆ ಬರುತ್ತದೆ. ಬೀದಿಗೆಲ್ಲ ವಾಂತಿ ಭೇದಿ ಹಬ್ಬಿಸಲು ಒಂದು ಮನೆಯ ಜಾಣತನ ಸಾಕು.

ಶೀಟಿನ ಮೇಲೆ ಹತ್ತುವ ಮುಂಚೆ

ಸಿಮೆಂಟ್ ಶೀಟಿನ ಮನೆಗಳಲ್ಲಿ ಮಳೆಗೆ ಮುಂಚೆ ಮೇಲೆ ಹತ್ತಿ ತೂತು ಮುಚ್ಚುವುದು ಮಾಮೂಲು. ಹಳೆಯ ಶೀಟು ಬಿಸಿಲಿಗೆ ಪೆಡಸಾಗಿರುತ್ತದೆ, ಕಾಲಿಟ್ಟ ಕಡೆ ಮುರಿದು ನೇರ ಕೆಳಗೆ ಬೀಳಬಹುದು. ಹತ್ತಲೇಬೇಕಾದರೆ ಕೆಳಗಿನ ತೊಲೆಗಳ ಮೇಲೆ ಭಾರ ಬೀಳುವಂತೆ ಉದ್ದನೆಯ ಹಲಗೆ ಹಾಕಿ, ಅದರ ಮೇಲೆ ಹೋಗಿ. ಕೆಳಗೆ ಒಬ್ಬರು ಇರಲಿ.

ಆ ಶೀಟುಗಳಲ್ಲಿ ಹೆಚ್ಚಿನವು ಆಸ್ಬೆಸ್ಟಾಸ್‌ನವು. ಅದನ್ನು ಕೊರೆದಾಗ, ಕೊಯ್ದಾಗ, ಒಡೆದಾಗ ಏಳುವ ಧೂಳಿನ ಎಳೆಗಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಒಡೆದ ಚೂರುಗಳನ್ನು ಕುಟ್ಟಿ ನೆಲಕ್ಕೆ ತುಂಬುವುದು, ಮಕ್ಕಳ ಕೈಗೆ ಆಡಲು ಸಿಗುವಂತೆ ಎಸೆಯುವುದು ಬೇಡ. ತೆಗೆಯಬೇಕಾದರೆ ನೀರು ಹಾಕಿ ಒದ್ದೆ ಮಾಡಿ, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಇಡಿಯಾಗಿ ಇಳಿಸಿ.

ನೀರು ಹಾಕುವವರು ಯಾರು?

ಗಂಡಸರು ‘ಮನೆ ಕೆಲಸ ನಾವೇ ಮಾಡಿದೆವು’ ಎಂದು ಹೇಳುವಾಗ ಒಂದು ಲೆಕ್ಕ ಬಿಟ್ಟುಹೋಗುತ್ತದೆ. ಹೊಸ ಗಾರೆಗೆ, ಹೊಸ ನೆಲಕ್ಕೆ ಹತ್ತರಿಂದ ಹದಿನಾಲ್ಕು ದಿನ ನೀರು ಹಾಕಬೇಕು. ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗೆ, ಅದರಲ್ಲೂ ಬೇಸಿಗೆಯಲ್ಲಿ, ಇದು ಬಹಳ ಮುಖ್ಯ. ಮೂರು ದಿನಕ್ಕೆ ನಿಲ್ಲಿಸಿದರೆ ಬಿರುಕು ಬಂದೇ ಬರುತ್ತದೆ. ಆ ನೀರು ಹೊರುವವರು ಮನೆಯ ಹೆಂಗಸರು. ಬಚ್ಚಲು ಕಿತ್ತುಹಾಕಿದ ಮೇಲೆ ಸೀರೆ ಕಟ್ಟಿದ ಮರೆಯಲ್ಲಿ ಸ್ನಾನ ಮಾಡಬೇಕಾದವರು, ಅಡುಗೆಮನೆಯ ಧೂಳಿನಿಂದಾಗಿ ಅಂಗಳದಲ್ಲಿ ಒಲೆ ಹೂಡಬೇಕಾದವರು ಅವರೇ. ನಾಲ್ಕು ದಿನದ ಕೆಲಸ ಅರ್ಧಕ್ಕೆ ನಿಂತು ತಿಂಗಳಾದಾಗ ಅದರ ಕಷ್ಟ ಉಣ್ಣುವವರೂ ಅವರೇ. ಆದ್ದರಿಂದ ನಮ್ಮ ಮಾತು ಇಷ್ಟೇ: ಯಾವುದನ್ನು ಕೀಳಬೇಕು, ಯಾವಾಗ ಕೀಳಬೇಕು ಎನ್ನುವುದನ್ನು ಮನೆಯ ಹೆಂಗಸರನ್ನು ಕೇಳಿಯೇ ತೀರ್ಮಾನಿಸಿ. ಮುಗಿಸುವ ಸಾಮಾನೆಲ್ಲ ಮನೆಗೆ ಬಂದ ಮೇಲೆಯೇ ಮೊದಲ ಏಟು ಹಾಕಿ.

ಕಟ್ಟು ಅಂದವರು ಕಲಿಸಲಿಲ್ಲ

‘ಎಲ್ಲದಕ್ಕೂ ಮೇಸ್ತ್ರಿ, ಇಂಜಿನಿಯರ್ ಅಂದರೆ ಬಡವರು ಏನು ಮಾಡಬೇಕು?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಎಷ್ಟೋ ಮನೆಗಳಿಗೆ ಆಯ್ಕೆಯೇ ಇಲ್ಲ. ಸರ್ಕಾರದ ವಸತಿ ಯೋಜನೆಯನ್ನೇ ನೋಡಿ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದವರಿಗೆ ಸಿಗುವುದು 1.20 ಲಕ್ಷ ರೂಪಾಯಿ. ಕನಿಷ್ಠ 25 ಚದರ ಮೀಟರಿನ ಮನೆಯನ್ನು ಫಲಾನುಭವಿಯೇ ಕಟ್ಟಿಸಿಕೊಳ್ಳಬೇಕು, ಗುತ್ತಿಗೆದಾರರಿಗೆ ಕೊಡುವಂತಿಲ್ಲ ಎಂಬುದು ಅದರ ನಿಯಮ. ಕಂತಿನ ದುಡ್ಡು ಬರಬೇಕಾದರೆ ಪ್ರತಿ ಹಂತದ ಫೋಟೊ ಬೇಕು. ಫೋಟೊದಲ್ಲಿ ಗೋಡೆ ಎದ್ದಿರುವುದು ಕಾಣುತ್ತದೆ, ಸ್ಲ್ಯಾಬಿಗೆ ಎಷ್ಟು ನೀರು ಕಲಸಿದರು, ಎಷ್ಟು ದಿನ ನೀರು ಹಾಕಿದರು, ಅರ್ತಿಂಗ್ ಇದೆಯೇ ಎನ್ನುವುದು ಕಾಣುವುದಿಲ್ಲ.

ಅಂದರೆ ಸರ್ಕಾರವೇ ಕೂಲಿಕಾರನನ್ನು ಮನೆ ಕಟ್ಟುವ ಯಜಮಾನನನ್ನಾಗಿ ಮಾಡಿದೆ. ಗುತ್ತಿಗೆದಾರರು ನುಂಗದಿರಲಿ ಎನ್ನುವ ಉದ್ದೇಶ ಒಳ್ಳೆಯದೇ. ಆದರೆ ಜವಾಬ್ದಾರಿ ಕೊಟ್ಟ ಮೇಲೆ ತಿಳಿವಳಿಕೆಯನ್ನೂ ಕೊಡಬೇಕಲ್ಲ? ಆ ಜಾಗವನ್ನು ಈಗ ಬಣ್ಣದ ಕಂಪನಿಗಳ ಜಾಹೀರಾತು ಮತ್ತು ಯಾವುದೋ ಊರಿನ ವಿಡಿಯೊಗಳು ತುಂಬಿವೆ. ಆ ವಿಡಿಯೊ ಮಾಡಿದವರಿಗೆ ನಿಮ್ಮ ಮನೆಯ ಮಣ್ಣು ಎರೆಯೋ ಕೆಂಪೋ, ನಿಮ್ಮೂರಿನ ಮಳೆ ಎಷ್ಟು ಎನ್ನುವುದು ಗೊತ್ತಿಲ್ಲ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಯಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಊಟ ವಸತಿ ಸಮೇತ ಉಚಿತ ತರಬೇತಿ ಸಿಗುತ್ತದೆ. ಊರಿಗೆ ಇಬ್ಬರು ಹುಡುಗ ಹುಡುಗಿಯರು ಪ್ಲಂಬಿಂಗು, ವೈರಿಂಗು ಕಲಿತು ಬಂದರೆ ಸಣ್ಣ ಕೆಲಸಕ್ಕೆ ಪೇಟೆಯಿಂದ ಯಾರನ್ನೂ ಕಾಯಬೇಕಿಲ್ಲ, ಅವರಿಗೂ ಊರಲ್ಲೇ ದುಡಿಮೆ. ಗ್ರಾಮ ಪಂಚಾಯಿತಿ ಒಂದು ರಸಮಟ್ಟ, ಒಂದು ಡ್ರಿಲ್ಲಿಂಗ್ ಮೆಷಿನ್, ಎರಡು ಏಣಿ, ಸುರಕ್ಷಾ ಬೆಲ್ಟು ಇಟ್ಟು ಸಣ್ಣ ಬಾಡಿಗೆಗೆ ಕೊಡಬಹುದು. ಸ್ತ್ರೀಶಕ್ತಿ ಸಂಘಗಳೂ ಇದನ್ನು ಮಾಡಬಹುದು. ಮಳೆಗೆ ಮುಂಚೆ ಒಂದು ದಿನ ಇಂಜಿನಿಯರನ್ನು ಕರೆಸಿ ಹಳೆಯ ಸರ್ಕಾರಿ ಮನೆಗಳ ಸೂರು ತೋರಿಸಬಹುದು. ಇದಕ್ಕೆಲ್ಲ ಕೋಟಿಗಟ್ಟಲೆ ದುಡ್ಡು ಬೇಡ, ಕೇಳುವವರು ಬೇಕು.

ಫೋನಿನಲ್ಲಿ ಉಳಿಸಿಕೊಳ್ಳಲು ಒಂದು ಪಟ್ಟಿ

ನಾವೇ ಮಾಡಬಹುದು: ಸುಣ್ಣ ಬಣ್ಣ, ಮಣ್ಣಿನ ಗೋಡೆಯ ರಿಪೇರಿ, ತಾರಸಿ ಗುಡಿಸಿ ಪಾಚಿ ತೆಗೆಯುವುದು, ಕೂದಲೆಳೆ ಬಿರುಕು ಮುಚ್ಚುವುದು, ನಲ್ಲಿಯ ವಾಷರ್ ಬದಲಿಸುವುದು, ಹೆಂಚು ಬದಲಿಸುವುದು, ಬಾಗಿಲಿನ ಕೀಲು ಸರಿ ಮಾಡುವುದು, ಅರ್ತಿಂಗ್ ಗುಂಡಿಗೆ ನೀರು ಹಾಕುವುದು.

ಬಲ್ಲವರ ಜೊತೆ ನಿಂತು ಮಾಡಬಹುದು: ಬಚ್ಚಲಿನ ನೆಲ, ಪೈಪ್ ಲೈನು, ಎರಡು ಗುಂಡಿಯ ಶೌಚಾಲಯ, ಶೀಟು ಬದಲಿಸುವುದು.

ಮುಟ್ಟಲೇಬಾರದು: ಮನೆಯ ವೈರಿಂಗು, ಮೀಟರ್ ಮತ್ತು ಸರ್ವಿಸ್ ವೈರು, ತುಕ್ಕು ಹಿಡಿದ ಸ್ಲ್ಯಾಬು, ಭಾರ ಹೊತ್ತ ಗೋಡೆ ಒಡೆದು ಬಾಗಿಲು ಇಡುವುದು, ಸೆಪ್ಟಿಕ್ ಟ್ಯಾಂಕು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅಲ್ಲಿ ಮನೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಜಗಳದಲ್ಲೇ ಹೊತ್ತು ಕಳೆಯುತ್ತದೆ. ಮುಂದಿನ ಸಲ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಸಿಕ್ಕ ಮನೆಗಳ ಸೂರು ಹೇಗಿದೆ, ಅವುಗಳಿಗೆ ಅರ್ತಿಂಗ್ ಇದೆಯೇ, ಅದನ್ನು ನೋಡಲು ಯಾರು ಯಾವಾಗ ಬರುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.